ಹಿಂದುಮುಂದಿನ ಅರ್ಥ

ಕನ್ನಡ ವಾಕ್ಯದಲ್ಲಿ ಪದಗಳು ಹಿಂದುಮುಂದಾದರೂ ವಿಭಕ್ತಿಪ್ರತ್ಯಯಗಳು ಅರ್ಥವನ್ನು ಕಾಯುತ್ತವೆ. ‘ಹುಡುಗನು ಹಾವನ್ನು ಕಂಡನು’ ಎಂದರೂ ‘ಹಾವನ್ನು ಹುಡುಗನು ಕಂಡನು’ ಎಂದರೂ ಕಂಡವನು ಹುಡುಗನೇ. ಸಮಾಸಕ್ಕೆ ಈ ಸ್ವಾತಂತ್ರ್ಯವಿಲ್ಲ. ಹೂಬಳ್ಳಿ ಬೇರೆ, ಬಳ್ಳಿಹೂ ಬೇರೆ.

ನ್ಯೂಟನ್ನನ ಚಲನಶಾಸ್ತ್ರದಲ್ಲಿ ವೇಗಗಳ ಕೂಡಿಕೆ ವಾಕ್ಯದ ಹಾಗೆ. ಯಾವುದನ್ನು ಮೊದಲು ಸೇರಿಸಿದರೂ ಫಲ ಒಂದೇ. 1905ರಲ್ಲಿ ಐನ್‌ಸ್ಟೈನ್ ಮಂಡಿಸಿದ ವಿಶಿಷ್ಟ ಸಾಪೇಕ್ಷತಾ ಸಿದ್ಧಾಂತದಲ್ಲಿ ಅದು ಸಮಾಸದ ಹಾಗೆ. ಒಂದು ನೌಕೆ ಬೆಳಕಿನ ವೇಗದ 0.6ರಷ್ಟರಲ್ಲಿ ಪೂರ್ವಕ್ಕೆ ಸಾಗುತ್ತಿದೆ. ಅದರಿಂದ ಹೊರಟ ಕಿರುನೌಕೆ, ನೌಕೆಯವರ ಅಳತೆಯಂತೆ, 0.8ರ ವೇಗದಲ್ಲಿ ಉತ್ತರಕ್ಕೆ ನಡೆಯುತ್ತದೆ ಎನ್ನೋಣ. ನೌಕೆಯ ಗಡಿಯಾರ ನೆಲದವರಿಗೆ ನಿಧಾನವಾಗಿ ಕಾಣುವುದರಿಂದ ಅವರ ಲೆಕ್ಕದಲ್ಲಿ ಕಿರುನೌಕೆಯ ಉತ್ತರದ ವೇಗ 0.64 ಮಾತ್ರ, ಪೂರ್ವದ ವೇಗ 0.6. ಕ್ರಮವನ್ನು ಅದಲುಬದಲು ಮಾಡಿದರೆ ಉತ್ತರಕ್ಕೆ 0.8, ಪೂರ್ವಕ್ಕೆ 0.36. ಎರಡರಲ್ಲಿಯೂ ಒಟ್ಟು ವೇಗ ಸುಮಾರು 0.877; ದಿಕ್ಕುಗಳ ನಡುವೆ ಮಾತ್ರ ಸುಮಾರು 19 ಡಿಗ್ರಿಗಳ ಅಂತರ. ಬೇರೆ ಬೇರೆ ದಿಕ್ಕಿನ ಎರಡು ವೇಗಾಂತರಗಳು ಸೇರಿದಾಗ ಒಂದು ವೇಗಾಂತರದ ಜೊತೆಗೆ ಒಂದು ತಿರುಗುವಿಕೆಯೂ ಉಳಿಯುತ್ತದೆ ಎಂಬುದೇ ಇದರ ಸಾರ. ವೇಗಗಳು ಒಂದೇ ರೇಖೆಯಲ್ಲಿದ್ದರೆ ಈ ತೊಡಕಿಲ್ಲ.

ಈ ಸಣ್ಣ ತಿರುಗುವಿಕೆಯನ್ನು ಗಮನಿಸದೆ ಹೋದದ್ದಕ್ಕೆ ಒಬ್ಬ ತರುಣ ದೊಡ್ಡ ಬೆಲೆಯನ್ನೇ ತೆತ್ತನು. 1925ರ ಆರಂಭದಲ್ಲಿ ರಾಲ್ಫ್ ಕ್ರೋನಿಗ್, ಎಲೆಕ್ಟ್ರಾನು ತನ್ನ ಸುತ್ತ ತಾನು ತಿರುಗುತ್ತಿರಬಹುದೆಂದು ಊಹಿಸಿದನು. ಆದರೆ ರೋಹಿತರೇಖೆಗಳ ಸೀಳಿಕೆ ಅವನ ಲೆಕ್ಕದಲ್ಲಿ ಪ್ರಯೋಗದ ಬೆಲೆಗಿಂತ ಇಮ್ಮಡಿಯಾಗಿ ಬಂದಿತು. ಪೌಲಿ ಆ ಕಲ್ಪನೆಯನ್ನು ತಳ್ಳಿಹಾಕಿದರು. ಕ್ರೋನಿಗ್ ಅದನ್ನು ಪ್ರಕಟಿಸಲಿಲ್ಲ. ಅದೇ ವರ್ಷ ಲೈಡನ್ನಿನಲ್ಲಿ ಊಲೆನ್‌ಬೆಕ್ ಮತ್ತು ಗೌಡ್‌ಸ್ಮಿಟ್ ಅದೇ ವಿಚಾರವನ್ನು ಬರೆದರು. ಲೊರೆಂಟ್ಸರ ಆಕ್ಷೇಪಗಳನ್ನು ಕೇಳಿ ಅವರೂ ಹಿಂಜರಿದರು. ಅಷ್ಟರಲ್ಲಿ ಅವರ ಗುರು ಎರೆನ್‌ಫೆಸ್ಟ್ ಲೇಖನವನ್ನು ಮುದ್ರಣಕ್ಕೆ ಕಳುಹಿಸಿಬಿಟ್ಟಿದ್ದರು.

ಇಮ್ಮಡಿಯ ತೊಡಕನ್ನು ಬಿಡಿಸಿದವನು ಕೋಪನ್‌ಹೇಗನ್ನಿನಲ್ಲಿದ್ದ ಇಪ್ಪತ್ತೆರಡರ ತರುಣ ಲೆವೆಲಿನ್ ಥಾಮಸ್. ಬೀಜಕೇಂದ್ರವನ್ನು ಸುತ್ತುವ ಎಲೆಕ್ಟ್ರಾನಿನ ವೇಗ ಕ್ಷಣಕ್ಷಣಕ್ಕೂ ದಿಕ್ಕು ಬದಲಿಸುತ್ತದೆ. ಪ್ರತಿ ಬದಲಾವಣೆಯಲ್ಲಿ ಉಳಿಯುವ ಕಿರುತಿರುವುಗಳು ಕೂಡುತ್ತ ಹೋಗುತ್ತವೆ. ಅವನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಸೀಳಿಕೆ ಸರಿಯಾಗಿ ಅರ್ಧಕ್ಕೆ ಇಳಿಯಿತು. 1926ರಲ್ಲಿ ಇದು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು; ಕೆಲಕಾಲ ವಿರೋಧಿಸಿದ ಪೌಲಿಯೂ ಒಪ್ಪಿದರು.

ಕ್ರೋನಿಗ್ ಮುಂದೆ ಡೆಲ್ಫ್ಟ್‌ನಲ್ಲಿ ಗೌರವಾನ್ವಿತ ಪ್ರಾಧ್ಯಾಪಕರಾದರು. ಆದರೂ ವಿದ್ಯಾರ್ಥಿಗಳು ಈ ಕಲ್ಪನೆಯೊಡನೆ ಕಲಿಯುವುದು ಇನ್ನಿಬ್ಬರ ಹೆಸರನ್ನೇ. ಅವರ ಲೆಕ್ಕದಲ್ಲಿದ್ದ ಕೊರತೆ ಲೈಡನ್ನಿನವರ ಲೆಕ್ಕದಲ್ಲಿಯೂ ಇತ್ತು. ಒಂದೆಡೆ ಹಿರಿಯರ ‘ಇಲ್ಲ’ ಮೊದಲು ಬಂದಿತು; ಇನ್ನೊಂದೆಡೆ ಲೇಖನ ಮೊದಲು ಹೊರಟಿತು.