ಅಮ್ಮನ ಪಾಲಿನ ಮೊಟ್ಟೆ

ಮದುವೆ ಮನೆಯ ಪಂಕ್ತಿಯಲ್ಲಿ ಕೂತರೆ ಸಾಕು, ಪಕ್ಕದವರು ಯಾರಾದರೂ ಕೇಳಿಯೇ ಕೇಳುತ್ತಾರೆ: "ಇಮ್ಯುನಿಟಿ ಮೇಲೆ ಪಿಎಚ್‌ಡಿ ಮಾಡ್ತಿದೀಯಂತಲ್ಲ, ಏನು ತಿಂದ್ರೆ ಅದು ಜಾಸ್ತಿ ಆಗುತ್ತೆ ಹೇಳಪ್ಪಾ." ಕೊರೊನಾ ಬಂದುಹೋದ ಮೇಲಂತೂ ಈ ಪ್ರಶ್ನೆಯಿಂದ ಬಿಡುಗಡೆಯೇ ಇಲ್ಲ. ಒಬ್ಬರದು ಅಮೃತಬಳ್ಳಿ ಕಷಾಯ, ಇನ್ನೊಬ್ಬರದು ಕೀಟೋ, ನನ್ನ ಹಾಸ್ಟೆಲಿನ ಗೆಳೆಯನದು ಹದಿನಾರು ಗಂಟೆಯ ಉಪವಾಸ. ಕೇಳುವವರ ಬಳಿ ಉತ್ತರ ಮೊದಲೇ ಇರುತ್ತದೆ, ನನ್ನಿಂದ ಒಂದು ಸಹಿ ಬೇಕು ಅಷ್ಟೆ. ರೋಗನಿರೋಧಕ ವ್ಯವಸ್ಥೆ ಅನ್ನುವುದು ಟ್ಯಾಂಕಿಗೆ ತುಂಬಿಸುವ ನೀರಲ್ಲ, ಅದು ದಾರಿ ತಪ್ಪಿ ಕೆರಳಿದರೆ ನಮ್ಮ ಕೀಲುಗಳನ್ನೇ ತಿನ್ನುತ್ತದೆ ಎಂದು ವಿವರಿಸಲು ಹೊರಟು ಎಷ್ಟೋ ಸಲ ಸೋತಿದ್ದೇನೆ. ಈಗ "ಎಲ್ಲಾ ಸ್ವಲ್ಪ ಸ್ವಲ್ಪ ತಿನ್ನಿ" ಅಂದು ಹೋಳಿಗೆ ಕಡೆ ಕೈ ಚಾಚುತ್ತೇನೆ.

ಆದರೆ ಆ ಪ್ರಶ್ನೆ ನನಗೆ ತಮಾಷೆಯದಲ್ಲ. ನಮ್ಮ ಮನೆಯಲ್ಲಿ ಅದಕ್ಕೊಂದು ಹಳೆಯ ಲೆಕ್ಕವಿದೆ.

2014ರಲ್ಲಿ ನಾನು ಎರಡನೇ ಪಿಯುಸಿ. ಪಾವಗಡದ ಕಡೆಯ ನಮ್ಮೂರಲ್ಲಿ ಅಪ್ಪ ಗಾರೆ ಕೆಲಸ ಮಾಡುತ್ತಿದ್ದ. ಮೂರು ತಿಂಗಳು ಬಿಡದೆ ಕೆಮ್ಮಿದ ಮೇಲೆ ಕಫ ಪರೀಕ್ಷೆ ಆಯಿತು, ಟಿಬಿ ಅಂತ ಗೊತ್ತಾಯಿತು. ಆಗ ಮಾತ್ರೆಗಳು ವಾರಕ್ಕೆ ಮೂರು ದಿನ. ಅಪ್ಪನ ಹೆಸರು ಬರೆದ ಒಂದು ಡಬ್ಬಿಯನ್ನು ಆಶಾ ಅಕ್ಕ ತಮ್ಮ ಮನೆಯಲ್ಲಿ ಇಟ್ಟುಕೊಂಡಿದ್ದರು, ಅವರ ಕಣ್ಣೆದುರೇ ನುಂಗಬೇಕು. ಮೊದಲ ದಿನ ಆಕೆ ಅಮ್ಮನಿಗೆ ಹೇಳಿದ್ದು ನನಗೆ ಇವತ್ತಿಗೂ ನೆನಪಿದೆ: "ಮಾತ್ರೆ ನಮ್ದು, ಊಟ ನಿಮ್ದು ಅಕ್ಕ. ಮೊಟ್ಟೆ, ಹಾಲು, ಕಾಳು ಚೆನ್ನಾಗಿ ಕೊಡು."

ಅಮ್ಮ ಅದನ್ನು ಅಕ್ಷರಶಃ ಪಾಲಿಸಿದಳು. ಒಂದು ಹಸುವಿತ್ತು. ಅದುವರೆಗೆ ಹಾಲೆಲ್ಲ ಡೈರಿಗೆ ಹೋಗುತ್ತಿತ್ತು, ಅವತ್ತಿನಿಂದ ಅರ್ಧ ಲೀಟರ್ ಮನೆಯಲ್ಲಿ ಉಳಿಯಿತು. ದಿನಕ್ಕೆ ಎರಡು ಮೊಟ್ಟೆ ತರುತ್ತಿದ್ದಳು. ಒಂದು ಅಪ್ಪನಿಗೆ. ಇನ್ನೊಂದು ಅವಳೇ ಸುಲಿದು ನನ್ನ ತಟ್ಟೆಗೆ ಹಾಕುತ್ತಿದ್ದಳು, "ಓದೋ ಹುಡುಗ, ನಿಂಗೂ ಅಂಟಿಕೊಂಡರೆ ಏನು ಗತಿ" ಅಂತ. ನಿಂಗೆ ಅಂದರೆ, "ನಂಗೆ ಮೊಟ್ಟೆ ವಾಸನೆ ಆಗಲ್ಲ ಕಣೋ" ಅನ್ನುತ್ತಿದ್ದಳು. ನಾನು ನಂಬಿದೆ. ಹದಿನೇಳು ವರ್ಷದವನಿಗೆ ಅಂಥದ್ದನ್ನು ನಂಬುವುದು ಕಷ್ಟವೇನಲ್ಲ.

ಮನೆಯಲ್ಲಿ ಉಪವಾಸ ಇರಲಿಲ್ಲ, ಅದನ್ನು ಹೇಳಬೇಕು. ಅನ್ನಭಾಗ್ಯದ ಅಕ್ಕಿ ಇತ್ತು, ರಾಗಿ ಇತ್ತು. ಇಲ್ಲದಿದ್ದದ್ದು ಬೇಳೆ, ಕಾಳು, ಎಣ್ಣೆ. ಅಪ್ಪನ ಕೂಲಿ ನಿಂತ ಮೇಲೆ ಅಮ್ಮ ಕಳೆ ಕೀಳಲು, ಕಡಲೆಕಾಯಿ ಬಿಡಿಸಲು ಕಂಡವರ ಹೊಲಕ್ಕೆ ಹೋಗತೊಡಗಿದಳು. ದುಡಿತ ಎರಡರಷ್ಟಾಯಿತು, ತಟ್ಟೆ ಮೊದಲಿನದೇ. ನಮಗೆಲ್ಲ ಬಡಿಸಿ ಆದ ಮೇಲೆ ಮುದ್ದೆ, ತಳದಲ್ಲಿ ಉಳಿದ ತಿಳಿಸಾರು. ಅಪ್ಪನ ತೂಕವನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬರೆದುಕೊಳ್ಳುತ್ತಿದ್ದರು. ಅಮ್ಮನ ತೂಕ ಯಾರೂ ನೋಡಲಿಲ್ಲ. ಅಪ್ಪ ಗುಣವಾದ. ಮುಂದಿನ ವರ್ಷ ಅಮ್ಮ ಕೆಮ್ಮತೊಡಗಿದಳು. ತಕ್ಕಡಿಯ ಮೇಲೆ ನಿಲ್ಲಿಸಿದಾಗ 36 ಕೆಜಿ.

ಈಗ ನನಗೆ ಗೊತ್ತಿರುವುದು ಆಗ ಗೊತ್ತಿರಲಿಲ್ಲ. ಕ್ಷಯದ ಬ್ಯಾಕ್ಟೀರಿಯಾ ಉಸಿರಿನೊಂದಿಗೆ ಒಳಗೆ ಹೋದವರಿಗೆಲ್ಲ ಕಾಯಿಲೆ ಬರುವುದಿಲ್ಲ. ಶ್ವಾಸಕೋಶದ ಮ್ಯಾಕ್ರೋಫೇಜ್ ಕೋಶಗಳು ಅದನ್ನು ನುಂಗುತ್ತವೆ, ಆದರೆ ಎಷ್ಟೋ ಸಲ ಕೊಲ್ಲಲಾರವು. ಆಗ ಟಿ ಕೋಶಗಳು ಬಂದು ಸುತ್ತುಗಟ್ಟುತ್ತವೆ, ಗ್ರ್ಯಾನುಲೋಮಾ ಎಂಬ ಸಣ್ಣ ಗಂಟು ಆಗುತ್ತದೆ. ಹೆಚ್ಚಿನವರಲ್ಲಿ ಬ್ಯಾಕ್ಟೀರಿಯಾ ಅದರೊಳಗೇ ಜೀವಮಾನವಿಡೀ ಬಿದ್ದಿರುತ್ತದೆ. ಈ ಕಾವಲು ಪುಕ್ಕಟೆಯದಲ್ಲ. ಟಿ ಕೋಶಗಳು ಎಚ್ಚೆತ್ತು ಒಂದು ನೂರಾಗಿ, ನೂರು ಸಾವಿರವಾಗಿ ಹೆಚ್ಚಬೇಕಾದರೆ ಗ್ಲೂಕೋಸ್ ಬೇಕು, ಅಮೈನೋ ಆಮ್ಲ ಬೇಕು. ಮೈಯ ಕೊಬ್ಬು ಕರಗಿದಾಗ, ಕೊಬ್ಬಿನ ಕೋಶಗಳಿಂದ ಬರುವ ಲೆಪ್ಟಿನ್ ಎಂಬ ಹಾರ್ಮೋನ್ ಇಳಿಯುತ್ತದೆ. ಟಿ ಕೋಶಗಳು ಆ ಇಳಿತವನ್ನು ಗುರುತಿಸಿ ಮಂಕಾಗುತ್ತವೆ. ಪೌಷ್ಟಿಕತೆ ಇಲ್ಲದ ಮಕ್ಕಳಲ್ಲಿ ಟಿ ಕೋಶಗಳು ಬಲಿಯುವ ಥೈಮಸ್ ಗ್ರಂಥಿಯೇ ಕುಗ್ಗಿಹೋಗುತ್ತದೆ. ಕಷ್ಟಕಾಲದಲ್ಲಿ ಬಡವರ ಮನೆ ಹೇಗೋ ಹಾಗೆ, ದೇಹವೂ ಕಾವಲಿನ ಖರ್ಚು ಕಡಿಮೆ ಮಾಡುತ್ತದೆ.

ಇಷ್ಟೆಲ್ಲ ಗೊತ್ತಿದ್ದೂ ಊಟದ ಮಾತು ವೈದ್ಯಕೀಯದಿಂದ ಬಹುಕಾಲ ಹಿಂದೆ ಸರಿದಿತ್ತು. ಅದಕ್ಕೂ ಒಂದು ಕಾರಣವಿದೆ, ಅದು ಕೆಟ್ಟ ಕಾರಣವೂ ಅಲ್ಲ. ಒಂದು ಕಾಲಕ್ಕೆ ಕ್ಷಯಕ್ಕೆ ಮದ್ದೆಂದರೆ ಸ್ಯಾನಟೋರಿಯಂ: ಒಳ್ಳೆ ಗಾಳಿ, ಹಾಲು, ಮೊಟ್ಟೆ, ವಿಶ್ರಾಂತಿ. 1956ರಲ್ಲಿ ಮದರಾಸಿನಲ್ಲಿ ಶುರುವಾದ ಸಂಶೋಧನಾ ಕೇಂದ್ರವೊಂದು ಬಡ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಸ್ಯಾನಟೋರಿಯಂನಲ್ಲಿ, ಇನ್ನೊಂದಕ್ಕೆ ಅವರ ಇಕ್ಕಟ್ಟು ಮನೆಗಳಲ್ಲೇ ಒಂದು ವರ್ಷ ಅದೇ ಔಷಧಿ ಕೊಟ್ಟಿತು. ಸ್ಯಾನಟೋರಿಯಂನವರು ಚೆನ್ನಾಗಿ ಉಂಡರು, ತೂಕವೂ ಹೆಚ್ಚಿತು, ಆದರೆ ಗುಣವಾದದ್ದು ಎರಡೂ ಕಡೆ ಹೆಚ್ಚುಕಡಿಮೆ ಒಂದೇ. 1959ರಲ್ಲಿ ಇದು ಪ್ರಕಟವಾದಾಗ ಜಗತ್ತಿನ ಬಡ ದೇಶಗಳಿಗೆ ದೊಡ್ಡ ಬಿಡುಗಡೆ. ಹಾಸಿಗೆಗಾಗಿ ಕಾಯಬೇಕಿಲ್ಲ, ಮಾತ್ರೆ ಸಾಕು. ಅಪ್ಪ ಮನೆಯಲ್ಲೇ ಉಳಿದು ಗುಣವಾದದ್ದು ಆ ಅಧ್ಯಯನದ ಋಣದಲ್ಲೇ. ಆದರೆ ಮಾತ್ರೆ ಸಾಕು ಅನ್ನುವುದು ಬರಬರುತ್ತಾ ಊಟ ಮುಖ್ಯವಲ್ಲ ಅನ್ನುವ ಹಾಗೆ ಕೇಳಿಸತೊಡಗಿತು. ಕಾಯಿಲೆ ಬಂದವನು ಗುಣವಾಗುವುದು ಬೇರೆ, ಅವನ ಪಕ್ಕದಲ್ಲಿ ಮಲಗುವವಳಿಗೆ ಕಾಯಿಲೆ ಬಾರದಿರುವುದು ಬೇರೆ.

2023ರ ಆಗಸ್ಟಿನಲ್ಲಿ ಲ್ಯಾಬಿನಲ್ಲಿ ಕೂತು ಆ ಬೇರೆ ಪ್ರಶ್ನೆಗೆ ಉತ್ತರ ಓದಿದೆ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡದಲ್ಲಿ ನಡೆಸಿದ 'ರೇಷನ್ಸ್' ಅಧ್ಯಯನ ಲ್ಯಾನ್ಸೆಟ್‌ನಲ್ಲಿ ಬಂದಿತ್ತು. ಮದರಾಸಿನ ಆ ಹಳೆಯ ಕೇಂದ್ರ, ಈಗ ಅದು ರಾಷ್ಟ್ರೀಯ ಕ್ಷಯರೋಗ ಸಂಶೋಧನಾ ಸಂಸ್ಥೆ, ಇದರಲ್ಲೂ ಪಾಲುದಾರ. 2,800 ರೋಗಿಗಳು, ಅವರ ಮನೆಗಳ 10,345 ಜನ. ರೋಗಿಗಳಿಗೆಲ್ಲ ಆಹಾರದ ಕಿಟ್ ಕೊಟ್ಟರು. ಅರ್ಧದಷ್ಟು ಕಡೆ ಮನೆಯ ಉಳಿದವರಿಗೂ ತಲಾ ತಿಂಗಳಿಗೆ 5 ಕೆಜಿ ಅಕ್ಕಿ, ಒಂದೂವರೆ ಕೆಜಿ ಬೇಳೆ, ಜೊತೆಗೆ ವಿಟಮಿನ್ ಮಾತ್ರೆ. ಹಾಗೆ ಕೊಟ್ಟ ಮನೆಗಳಲ್ಲಿ ಹೊಸದಾಗಿ ಟಿಬಿ ಬರುವುದು ಶೇ 39ರಷ್ಟು ಕಡಿಮೆಯಾಯಿತು. ಕಫದಲ್ಲಿ ಪತ್ತೆಯಾಗುವ, ಇನ್ನೊಬ್ಬರಿಗೆ ಹರಡುವ ಬಗೆಯದು ಶೇ 48ರಷ್ಟು.

ಅಕ್ಕಿ ಮತ್ತು ಬೇಳೆ. ನಾನು ಆ ಸಾಲನ್ನು ಎಷ್ಟು ಸಲ ಓದಿದೆನೋ. ಅವತ್ತು ಮಧ್ಯಾಹ್ನ ಇಲಿಗಳ ಸರದಿ ನನ್ನದಿತ್ತು. ಒಂದು ಇಲಿ ದಿನಕ್ಕೆ ಮೂರು ನಾಲ್ಕು ಗ್ರಾಂ ತಿನ್ನುತ್ತದೆ. ತೂಗಿ ಹಾಕಬೇಕು, ಮಾರನೇ ದಿನ ಉಳಿದದ್ದನ್ನೂ ತೂಗಿ ಪುಸ್ತಕದಲ್ಲಿ ಬರೆಯಬೇಕು, ಇಲ್ಲದಿದ್ದರೆ ನಮ್ಮ ಗೈಡ್ ಆ ಫಲಿತಾಂಶವನ್ನು ಮುಟ್ಟುವುದಿಲ್ಲ. ಬರೆಯುತ್ತಾ ಬರೆಯುತ್ತಾ ಪೆನ್ನು ಕೆಳಗಿಟ್ಟು ಹೊರಗೆ ಹೋಗಿ ನಿಂತೆ.

ಅಮ್ಮ ತಿನ್ನದ ಮೊಟ್ಟೆಯಿಂದಲೇ ಅವಳಿಗೆ ಕಾಯಿಲೆ ಬಂತು ಎಂದು ಯಾವ ವಿಜ್ಞಾನವೂ ಹೇಳಲಾರದು. ಹತ್ತು ಸಾವಿರ ಜನರ ಲೆಕ್ಕವನ್ನು ಒಬ್ಬಳ ಮೇಲೆ ಹೊರಿಸುವಂತಿಲ್ಲ. ಇದನ್ನು ನಾನು ಜೂನಿಯರ್‌ಗಳಿಗೆ ಪಾಠ ಮಾಡುತ್ತೇನೆ. ಅಮ್ಮನ ವಿಷಯಕ್ಕೆ ಬಂದರೆ ಮಾತ್ರ ನನಗೇ ಅದು ಒಗ್ಗುವುದಿಲ್ಲ.

ಸರ್ಕಾರವೂ ಸುಮ್ಮನಿಲ್ಲ. 2018ರಿಂದ ರೋಗಿಯ ಖಾತೆಗೆ ತಿಂಗಳಿಗೆ 500 ರೂಪಾಯಿ ಬರುತ್ತಿತ್ತು, 2024ರ ನವೆಂಬರಿನಿಂದ ಅದು ಸಾವಿರ. ದಾನಿಗಳು ಕೊಡುವ ಆಹಾರದ ಕಿಟ್ಟನ್ನು ಮನೆಯವರಿಗೂ ಕೊಡಿಸುವ ನಿರ್ಧಾರವೂ ಅದೇ ವರ್ಷ ಆಯಿತು. ನಮಗೆ ಹತ್ತು ವರ್ಷ ತಡ, ಬೇರೆ ಯಾರಿಗಾದರೂ ತಡವಾಗದಿರಲಿ.

ಕಳೆದ ವರ್ಷ ಸಂಕ್ರಾಂತಿಗೆ ಊರಿಗೆ ಹೋದಾಗ ಹಿತ್ತಲಲ್ಲಿ ಅಮ್ಮನ ಜೊತೆ ಅವರೆಕಾಯಿ ಸುಲಿಯುತ್ತಾ ಈ ಅಧ್ಯಯನದ ಕಥೆ ಹೇಳಿದೆ. ಅವಳು ಆರು ತಿಂಗಳ ಮಾತ್ರೆ ಮುಗಿಸಿ ಗುಣವಾಗಿ ಎಷ್ಟೋ ವರ್ಷವಾಯಿತು, ತೂಕವೂ 45 ದಾಟಿದೆ. ಮೊಟ್ಟೆಯನ್ನೂ ತಿನ್ನುತ್ತಾಳೆ, ವಾಸನೆಯ ಮಾತು ನಾವಿಬ್ಬರೂ ಎತ್ತುವುದಿಲ್ಲ. ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು.

"ಆ ಹೆಂಗಸ್ರು ಅವರವರ ಪಾಲು ಅವರೇ ತಿಂದ್ರೇನೋ?"

"ತಲೆ ಲೆಕ್ಕದಲ್ಲಿ ಕೊಟ್ಟಿದ್ರಮ್ಮ. ಮನೇಲಿ ಎಷ್ಟು ಜನವೋ ಅಷ್ಟು ಜನಕ್ಕೂ."

"ಹಂಗಾದ್ರೆ ತಿಂದಿರ್ತಾರೆ ಬಿಡು," ಅಂದಳು. ಮಡಿಲಲ್ಲಿದ್ದ ಸಿಪ್ಪೆಯನ್ನು ಬುಟ್ಟಿಗೆ ಕೊಡವಿಕೊಂಡು ಹಸುವಿಗೆ ಹಾಕಲು ಎದ್ದು ಹೋದಳು.