ಎಡಗಿವಿಗೆ ಸಣ್ಣದು, ಬಲಗಿವಿಗೆ ಮಧ್ಯಮ

ನನ್ನ ಎರಡು ಕಿವಿಗಳ ಅಳತೆ ಒಂದೇ ಅಲ್ಲ. ನಡುವಯಸ್ಸು ದಾಟುವವರೆಗೂ ತಿಳಿಯದಿದ್ದ ಈ ಸಂಗತಿಯನ್ನು ತಿಳಿಸಿಕೊಟ್ಟದ್ದು ಎರಡು ಸಾವಿರದೊಳಗಿನ ಒಂದು ಇಯರ್‌ಫೋನು. ಡಬ್ಬಿಯಲ್ಲಿ ಸಣ್ಣದು, ಮಧ್ಯಮ, ದೊಡ್ಡದು ಎಂದು ಮೂರು ಜೊತೆ ಸಿಲಿಕಾನ್ ತುದಿಗಳಿರುತ್ತವಲ್ಲ, ಬಹಳ ಜನ ಅವನ್ನು ಮುಟ್ಟುವುದೇ ಇಲ್ಲ. ಮೊದಲೇ ಸಿಕ್ಕಿಸಿರುವ ಮಧ್ಯಮದಲ್ಲೇ ಸಂಸಾರ ಸಾಗಿಸುತ್ತಾರೆ. ನನಗೋ, ಅವನ್ನು ಒಂದೊಂದಾಗಿ ತೊಡಿಸಿ, ಬಿಚ್ಚಿ, ಒಂದೇ ಹಾಡನ್ನು ಮತ್ತೆ ಮತ್ತೆ ಕೇಳುತ್ತ ಕೂರುವುದೇ ರಾತ್ರಿಯೂಟದ ನಂತರದ ಸುಖ.

ಹಾಡು ಸಾಮಾನ್ಯವಾಗಿ 1981ರ ‘ಗೀತಾ’ ಚಿತ್ರದ್ದು. ಇಳಯರಾಜ ಅವರ ಸಂಗೀತದಲ್ಲಿ ಬೇಸ್ ಗಿಟಾರ್ ಗಾಯಕರ ದನಿಯ ಕೆಳಗೆ ತನ್ನದೇ ದಾರಿ ಹಿಡಿದು ಹೋಗುತ್ತಿರುತ್ತದೆ. ತುದಿ ಸರಿಯಾಗಿ ಕೂರದಿದ್ದರೆ ಆ ಗಿಟಾರ್ ಇದ್ದೂ ಇಲ್ಲ. ಕಾರಣ ಸರಳ: ಇಯರ್‌ಫೋನಿನ ಪೊರೆ ಕಂಪಿಸುವುದು ಕಿವಿಯ ನಾಳದಲ್ಲಿ ಸಿಕ್ಕಿಬಿದ್ದ ಚೂರು ಗಾಳಿಯ ಮೇಲೆ. ಸುತ್ತ ಕೂದಲೆಳೆಯಷ್ಟು ಸಂದು ಉಳಿದರೂ ಮೊದಲು ಸೋರಿಹೋಗುವುದು ಮಂದ್ರದ ಒತ್ತಡ. ಮೇಲಿನ ಸ್ವರಗಳಷ್ಟೇ ಉಳಿದು ದನಿ ತಗಡಾಗುತ್ತದೆ. ‘ಅಗ್ಗದ ಮಾಲು, ಬೇಸೇ ಇಲ್ಲ’ ಎಂದು ದೂರುವವರ ಕಿವಿಯಲ್ಲೇ ಅರ್ಧ ಉತ್ತರ ಇರುತ್ತದೆ.

ಹಾಗೆಂದು ದೊಡ್ಡದನ್ನು ಒತ್ತಿ ತುರುಕಿದರೆ ಅರ್ಧ ಗಂಟೆಯಲ್ಲಿ ಕಿವಿ ನೋಯುತ್ತದೆ. ಮಲ್ಲಿಕಾರ್ಜುನ ಮನ್ಸೂರರು ಒಂದು ಅಪರೂಪದ ರಾಗ ಹಿಡಿದರೆ, ಅದು ಮುಗಿಯುವವರೆಗೂ ಕಿವಿಯಲ್ಲಿ ಏನೋ ಇದೆಯೆಂಬುದೇ ನೆನಪಾಗಬಾರದು. ವೈರನ್ನು ನೇರ ಇಳಿಬಿಡದೆ ಕಿವಿಯ ಹಿಂದಿನಿಂದ ಸುತ್ತಿ ತಂದರೆ ಭಾರವೂ ಹಗುರ, ಅಂಗಿಗೆ ಉಜ್ಜುವ ಕರಕರ ಸದ್ದೂ ಕಡಿಮೆ. ಫೋಮ್ ತುದಿಯನ್ನು ಬೆರಳಲ್ಲಿ ಹಿಸುಕಿ ಒಳಗಿಟ್ಟರೆ ನಿಧಾನಕ್ಕೆ ಅರಳಿ ಮೆತ್ತಗೆ ಕೂರುತ್ತದೆ, ಚುಚ್ಚುವ ‘ಸ’ಕಾರವನ್ನೂ ಒಂದಿಷ್ಟು ಪಳಗಿಸುತ್ತದೆ. ಆದರೆ ಅದರ ಆಯುಸ್ಸು ಕಡಿಮೆ.

ಇಷ್ಟು ಅಗ್ಗಕ್ಕೆ ಇಷ್ಟು ಸುಖ ಹಿಂದೆ ಇರಲಿಲ್ಲ. 1991ರಲ್ಲಿ ಅಮೆರಿಕದ ಎಟಿಮೋಟಿಕ್ ಕಂಪನಿ ತಂದ ಇಆರ್-4 ಕಿವಿಯೊಳಗೆ ಆಳವಾಗಿ ಕೂರುತ್ತಿತ್ತು. ಬೆಲೆ ಮಾತ್ರ ನಮ್ಮಂಥವರಿಗಲ್ಲ. ಈಗ ಷೆನ್‌ಜೆನ್‌ನ ಕೆಝಡ್, ಚೆಂಗ್ಡುವಿನ ಮೂನ್‌ಡ್ರಾಪ್‌ನಂಥವು ಆಟ ಬದಲಿಸಿವೆ. 2022ರ ಮೂನ್‌ಡ್ರಾಪ್ ಚು ಎಂಬ ಮಾದರಿ 10 ಮಿ.ಮೀ. ಅಗಲದ ಒಂದೇ ಡ್ರೈವರಿನದು, ಅಂದರೆ ಸದ್ದು ಹುಟ್ಟಿಸುವ ಪೊರೆ ಒಂದೇ. ಬಂದಾಗ ಅದರ ಬೆಲೆ 20 ಡಾಲರಿನ ಆಸುಪಾಸು ಇತ್ತು. ಮೈಸೂರು ದೊರೆಸ್ವಾಮಿ ಅಯ್ಯಂಗಾರ್ ಅವರ ವೀಣೆಯಲ್ಲಿ ಮೀಟು ಬಿದ್ದ ಕ್ಷಣವೂ, ಆಮೇಲೆ ತಂತಿ ಎಳೆದಾಗ ಸ್ವರ ಜಾರುವ ಗಮಕವೂ ಬೇರೆಬೇರೆಯಾಗಿ ಕೇಳಿಸಲು ಇಂಥದ್ದೇ ಸಾಕು.

ಈ ಸುಖಕ್ಕೆ ತೆರಿಗೆಯೂ ಇದೆ. ಹಾಕಿಕೊಂಡು ಕೋಡುಬಳೆ ಅಗಿಯುವ ಹಾಗಿಲ್ಲ. ಹೊರಹೋಗಲು ದಾರಿಯಿಲ್ಲದ ಆ ಸದ್ದು ತಲೆಯೊಳಗೇ ಮೊಳಗುತ್ತದೆ. ‘ರೀ, ಕುಕ್ಕರ್ ಎಷ್ಟು ಸಲ ಕೂಗ್ತು?’ ಎಂಬ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ಪ್ರಶ್ನೆ ಕೇಳಿಸಿದ್ದರೆ ತಾನೆ? ಆದರೆ ಹೊರಗಿನ ಗದ್ದಲ ತಗ್ಗುವುದರಿಂದ ಬಿಎಂಟಿಸಿ ಬಸ್ಸಿನಲ್ಲೂ ದನಿ ಏರಿಸಬೇಕಿಲ್ಲ. ಇದು ಸಣ್ಣ ಲಾಭವಲ್ಲ. ಏಕೆಂದರೆ ಹೀಗೆ ಕೇಳುವುದಕ್ಕೆ ದೊಡ್ಡವರಿಗೆ ವಾರಕ್ಕೆ 40 ಗಂಟೆ, ಅದೂ 80 ಡೆಸಿಬಲ್ ಮಟ್ಟದಲ್ಲಿ, ಮಿತಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ರಸ್ತೆ ದಾಟುವಾಗ ಮಾತ್ರ ಎರಡನ್ನೂ ತೆಗೆದು ಜೇಬಿಗಿಳಿಸಿ.

ಹೊಸದಕ್ಕೆ ದುಡ್ಡು ಎತ್ತಿಡುವ ಮುಂಚೆ ಇರುವುದರ ತುದಿ ಬದಲಿಸಿ ನೋಡಿ. ಎರಡು ಕಿವಿಗೆ ಎರಡು ಅಳತೆಯಾದರೂ ನಾಚಬೇಡಿ. ಕಿವಿಗೆ ಹಿತವಾಗಿ ಕೂತ ಸಾವಿರ ರೂಪಾಯಿಯದ್ದು, ಕೂರಲೊಲ್ಲದ ಹತ್ತು ಸಾವಿರದ್ದಕ್ಕಿಂತ ಚೆನ್ನಾಗಿ ಹಾಡುತ್ತದೆ.