ಅಳಿವೆಯಲ್ಲಿ ದೊರೆತ ಉತ್ತರ

ಶಾಲೆಯ ಸ್ಮರಣ ಸಂಚಿಕೆಗೆ ನಾಲ್ಕು ಮಾತು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಪ್ರೀತಿಯಿಂದ ಒತ್ತಾಯಿಸಿದಾಗ, ನನಗೆ ಮೊದಲು ನೆನಪಾದುದು ನನ್ನ ಯಾವ ಸಾಧನೆಯೂ ಅಲ್ಲ. ವಿದ್ಯಾರ್ಥಿಯೊಬ್ಬನಿಗೆ ಕೊಡದೆ ಬಾಕಿ ಉಳಿಸಿಕೊಂಡಿದ್ದ ಒಂದು ಉತ್ತರ.

ಇಲ್ಲಿ ವಿಜ್ಞಾನ ಶಿಕ್ಷಕನಾಗಿದ್ದ ಕಾಲದಲ್ಲಿ ಪ್ರತಿವರ್ಷವೂ ಕಪ್ಪುಹಲಗೆಯ ಮೇಲೆ ಇಂಗಾಲದ ಚಕ್ರವನ್ನು ಬರೆಯುತ್ತಿದ್ದೆ. ಗಿಡ, ಪ್ರಾಣಿ, ಮಣ್ಣು, ಗಾಳಿ ಇವುಗಳ ನಡುವೆ ಹಲವು ಬಾಣಗಳು; ನದಿಯಿಂದ ಸಮುದ್ರಕ್ಕೆ ಮಾತ್ರ ಒಂದೇ ಒಂದು ಬಾಣ. ಒಮ್ಮೆ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದುನಿಂತು, "ಸರ್, ಹೊಳಿ ಒಯ್ದ ಎಲಿ ಎಲ್ಲಾ ಸಮುದ್ರಕ್ಕ ಹೋಗಿ ಮುಟ್ಟತಾವೇನ್ರಿ?" ಎಂದು ಕೇಳಿದ. ಬಯಲುಸೀಮೆಯ ನಾನಾದರೋ ಸಮುದ್ರವನ್ನೇ ಸರಿಯಾಗಿ ಕಂಡವನಲ್ಲ. "ಪುಸ್ತಕದಲ್ಲಿ ಇದ್ದಷ್ಟು ಬರೆದುಕೋ" ಎಂದು ಗದರಿಸಿ ಕೂರಿಸಿದೆ. ತರಗತಿಯೆಲ್ಲ ನಕ್ಕಿತು. ಅವನು ನಗಲಿಲ್ಲ.

ಆ ಹುಡುಗನೇ ಮುಂದೆ ಕುಮಟಾ ತಾಲ್ಲೂಕಿನಲ್ಲಿ ವಿಜ್ಞಾನ ಶಿಕ್ಷಕನಾದ. ಅಘನಾಶಿನಿ ಅಳಿವೆಗೆ 2024ರಲ್ಲಿ ರಾಮ್ಸಾರ್ ತಾಣವೆಂಬ ಅಂತಾರಾಷ್ಟ್ರೀಯ ಮನ್ನಣೆ ದೊರೆತ ಸುದ್ದಿ ಪ್ರಕಟವಾದ ಬಳಿಕ, "ಒಮ್ಮೆ ಬಂದು ನೋಡಿ ಹೋಗ್ರಿ ಸರ್" ಎಂದು ಪತ್ರ ಬರೆದ. ಹೋದೆ.

ಶಿರಸಿಯ ಬಳಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಆಳಕ್ಕೆ ಧುಮುಕಿ, ಅಣೆಕಟ್ಟಿನ ತಡೆಯಿಲ್ಲದೆ ಹರಿದುಬರುವ ಆ ನದಿ ಅರಬ್ಬೀ ಸಮುದ್ರವನ್ನು ಕೂಡುವೆಡೆ ನಾವು ನಿಂತಾಗ ಇಳಿತದ ಹೊತ್ತು. ಹೆಂಗಸರು ಕೆಸರಿನಲ್ಲಿ ಬಾಗಿ ಬಳಚು ಆಯುತ್ತಿದ್ದರು. ದಡದುದ್ದಕ್ಕೂ ಕಾಂಡ್ಲಾ ಗಿಡಗಳು. ಆಚೆಗೆ ಉಪ್ಪುನೀರನ್ನು ತಾಳುವ ಕಗ್ಗ ಭತ್ತದ ಗಜನಿ ಗದ್ದೆಗಳು. ಕಾಂಡ್ಲಾದ ಬುಡದಲ್ಲಿ ಕಾಲಿಟ್ಟೆ, ಮೊಳಕಾಲಿನವರೆಗೆ ಹೂತುಹೋಯಿತು. ಕಲಕಿದ ಕಪ್ಪು ಕೆಸರಿನಿಂದ ಕೊಳೆತ ಮೊಟ್ಟೆಯ ವಾಸನೆ ಎದ್ದಿತು.

"ಇದೇ ನಿಮ್ಮ ಉತ್ತರ ಸರ್" ಎಂದು ಶಿಷ್ಯ ನಕ್ಕ. ಪ್ರಶ್ನೆ ಅವನದು, ಉತ್ತರವನ್ನು ಮಾತ್ರ ನನ್ನದೆಂದು ಹೇಳುವ ದೊಡ್ಡತನ ಅವನಲ್ಲಿತ್ತು.

ಅವನು ವಿವರಿಸಿದುದನ್ನು ಸಂಗ್ರಹವಾಗಿ ಹೇಳುತ್ತೇನೆ. ಘಟ್ಟದ ಎಲೆಯೆಲ್ಲವೂ ಕಡಲನ್ನು ಮುಟ್ಟುವುದಿಲ್ಲ. ಬಹುಪಾಲನ್ನು ದಾರಿಯಲ್ಲಿಯೇ ಸೂಕ್ಷ್ಮಜೀವಿಗಳು ತಿಂದು, ಇಂಗಾಲದ ಡೈ ಆಕ್ಸೈಡ್ ಆಗಿ ಗಾಳಿಗೆ ಮರಳಿಸುತ್ತವೆ. ಜಗತ್ತಿನ ನದಿಗಳು ವರ್ಷಕ್ಕೆ ಸುಮಾರು 90 ಕೋಟಿ ಟನ್ ಇಂಗಾಲವನ್ನು ಸಾಗರಕ್ಕೆ ತಲುಪಿಸುತ್ತವೆಂದು ವಿಜ್ಞಾನಿಗಳ ಅಂದಾಜು. ನೆಲವು ನೀರಿಗೆ ಒಪ್ಪಿಸುವುದಾದರೋ ಅದರ ಎರಡು ಪಟ್ಟಿಗೂ ಹೆಚ್ಚು. ಅಳಿವೆಯ ನೀರು ಸಾಮಾನ್ಯವಾಗಿ ಈ ಅನಿಲವನ್ನು ಹೊರಬಿಡುತ್ತದೆ. ಮುಂದೆ ಮಣ್ಣು ತಿಳಿಯಾಗಿ ಬೆಳಕು ಇಳಿಯುವಲ್ಲಿ ಪಾಚಿಗಳು ಅದನ್ನು ಮತ್ತೆ ಹೀರಿಕೊಳ್ಳುತ್ತವೆ. ಮುಂಗಾರಿನ ತಿಂಗಳುಗಳಲ್ಲಿ ನಮ್ಮ ಪಶ್ಚಿಮ ಕರಾವಳಿಯ ಆಚೆ ಆಳದ ತಣ್ಣೀರು ಮೇಲೆದ್ದಾಗ, ಕಡಲೇ ಅದನ್ನು ಗಾಳಿಗೆ ಬಿಡುವುದೂ ಉಂಟು. ನಾನು ಬರೆಯುತ್ತಿದ್ದ ಒಂಟಿ ಬಾಣದಲ್ಲಿ ಇಷ್ಟು ಕೊಡುಕೊಳ್ಳುವಿಕೆ ಅಡಗಿತ್ತು!

ಇನ್ನು ಆ ಕೆಸರಿನ ಮಾತು. ಅದರೊಳಗೆ ಆಮ್ಲಜನಕ ಇಳಿಯದು; ಆ ದುರ್ವಾಸನೆಯೇ ಅದಕ್ಕೆ ಸಾಕ್ಷಿ. ಆದುದರಿಂದ ಅಲ್ಲಿ ಹೂತ ಬೇರು, ಎಲೆ ಬಹು ನಿಧಾನವಾಗಿ ಕೊಳೆಯುತ್ತವೆ. ಅವುಗಳ ಇಂಗಾಲ ಶತಮಾನಗಳ ಕಾಲ ಅಲ್ಲಿಯೇ ಉಳಿಯಬಲ್ಲದು. ಆದರೆ ಕಾಂಡ್ಲಾವನ್ನು ಕಡಿದು ಕೆಸರನ್ನು ಅಗೆದು ಗಾಳಿಗೊಡ್ಡಿದರೆ, ನೂರಾರು ವರ್ಷಗಳ ಆ ಉಳಿತಾಯ ಕೆಲವೇ ವರ್ಷಗಳಲ್ಲಿ ಕರಗತೊಡಗುತ್ತದೆ. ಸೀಗಡಿ ಹೊಂಡಗಳಾಗಿ ಮಾರ್ಪಟ್ಟ ಗಜನಿಗಳನ್ನು ತೋರಿಸುವಾಗ ಅವನ ದನಿ ತಗ್ಗಿತು. ಮತ್ತೆ ಕಾಂಡ್ಲಾ ನೆಡಬಹುದು. ಆದರೆ ಕಳೆದುಹೋದ ಶತಮಾನಗಳನ್ನು ನೆಡಲಾದೀತೆ?

ಮರಳುವ ಹಾದಿಯಲ್ಲಿ ನಾನು ಕ್ಷಮೆ ಕೇಳಿದೆ. "ಅಂದು ನೀವು ಉತ್ತರ ಹೇಳಿದ್ದರೆ ನಾನು ಹುಡುಕುತ್ತಿರಲಿಲ್ಲ ಸರ್" ಎಂದ. ಅದು ಅವನ ಸೌಜನ್ಯ. ಆದರೆ ಗದರಿಸಿ ಕೂರಿಸಿದ ಮಕ್ಕಳೆಲ್ಲರೂ ಹಾಗೆ ಹುಡುಕಿಕೊಂಡು ಹೋಗುವುದಿಲ್ಲವೆಂಬುದನ್ನು ನಾನು ಬಲ್ಲೆ.

ಶಿಕ್ಷಕ ಬಂಧುಗಳಲ್ಲಿ ನನ್ನದೊಂದು ವಿನಂತಿ: ತಿಳಿಯದ ಪ್ರಶ್ನೆ ಬಂದಾಗ "ನಾಳೆ ನೋಡಿ ಹೇಳುತ್ತೇನೆ" ಎನ್ನಲು ಸಂಕೋಚಪಡಬೇಡಿ. ದಾನಿಗಳಲ್ಲಿ ಇನ್ನೊಂದು: ಕಟ್ಟಡಕ್ಕೆ ಕೊಟ್ಟಂತೆಯೇ, ನಮ್ಮ ಬಯಲುಸೀಮೆಯ ಮಕ್ಕಳು ವರ್ಷಕ್ಕೊಮ್ಮೆ ಆ ಅಳಿವೆಯ ಕೆಸರಿನಲ್ಲಿ ಕಾಲಿಟ್ಟು ಬರುವ ಪ್ರವಾಸಕ್ಕೂ ಕೊಡಿರಿ. ಅದರ ಮೊದಲ ಕಾಣಿಕೆಯಾಗಿ ನನ್ನ ಒಂದು ತಿಂಗಳ ನಿವೃತ್ತಿ ವೇತನವನ್ನು ಈ ಲೇಖನದೊಡನೆ ಒಪ್ಪಿಸುತ್ತಿದ್ದೇನೆ.